ಮಾಡಿದ ಕೈಯಿಂದಲೇ ಕೊಳ್ಳು

ಪುಟ್ಟೀ,

ಓದು ಮುಗಿಯಿತು, ಕೆಲಸಕ್ಕೆ ಸೇರುವ ಮುಂಚೆ ಗೆಳತಿಯರ ಜೊತೆ ಕಾರಿನಲ್ಲಿ ಈ ತೀರದಿಂದ ಆ ತೀರದವರೆಗೆ ಅಮೆರಿಕ ನೋಡಿ ಬರುತ್ತೇನೆ ಎಂದೆ. ಹೋಗಿ ಬಾ, ಈ ವಯಸ್ಸಿನಲ್ಲೇ ಹೋಗಬೇಕು. 'ಮನೆಯವರಿಗೆಲ್ಲ ಏನಾದರೂ ತರಬೇಕು ದೊಡ್ಡಪ್ಪ, ದಾರಿಯಲ್ಲಿ ಶಾಪಿಂಗ್‌ಗೆ ಒಳ್ಳೆಯ ಜಾಗ ಯಾವುದು?' ಅಂತಲೂ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಊರಿನಿಂದ ಯಾರೇ ಬರಲಿ, ಅವರನ್ನು ಮೊದಲು ಔಟ್‌ಲೆಟ್‌ಗೆ ಕರೆದುಕೊಂಡು ಹೋಗುವುದು ನಮ್ಮವರ ಪದ್ಧತಿ. ನ್ಯೂಯಾರ್ಕ್ ಹತ್ತಿರದ ವುಡ್‌ಬರಿ ಕಾಮನ್‌ಗೆ ನೀನೂ ಹೋಗಿರುತ್ತೀಯ. ಬೇಕಾದ ಬೂಟು, ಜಾಕೆಟ್ಟು ಅಲ್ಲಿ ತಗೋ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಸಿಗುವ ಸರಕಿನಲ್ಲಿ ಬಹಳಷ್ಟು ಔಟ್‌ಲೆಟ್‌ಗೆಂದೇ ತಯಾರಾದದ್ದು, ದೊಡ್ಡ ಅಂಗಡಿಯಲ್ಲಿ ಉಳಿದದ್ದು ಅಲ್ಲ. ಹೊಲಿಗೆ, ಜಿಪ್ಪು ನೋಡಿ ಕೊಳ್ಳು. ಕತ್ತುಪಟ್ಟಿಯ ಒಳಗಿನ ಚೀಟಿಯನ್ನೂ ತಿರುಗಿಸಿ ಓದು. ಮೇಡ್ ಇನ್ ಇಂಡಿಯಾ ಅಂತಿದ್ದರೆ ಆ ಅಂಗಿ ಬೆಂಗಳೂರಿನದೇ ಗಾರ್ಮೆಂಟ್ಸ್‌ನಿಂದ ಬಂದಿರಬಹುದು. ರಾಮನಗರ, ಮಂಡ್ಯದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವ ಹೆಣ್ಣುಮಕ್ಕಳು ಹೊಲಿದದ್ದನ್ನು ಎರಡು ಸಮುದ್ರ ದಾಟಿಸಿ ಮತ್ತೆ ಊರಿಗೇ ಹೊತ್ತೊಯ್ಯುವುದು ಬೇಕೇ, ಯೋಚಿಸು.

ಮಿಕ್ಸಿ, ಹೇರ್ ಡ್ರೈಯರ್ ಯಾರೇ ಹೇಳಿದರೂ ತರಬೇಡ. ಇಲ್ಲಿಯದು 120 ವೋಲ್ಟಿನ ಕರೆಂಟು, ಊರಿನದು 230. ಚಾಲೂ ಮಾಡಿದ ದಿನವೇ ಸುಟ್ಟುಹೋಗುತ್ತದೆ. ಇನ್ನು, ಬೆಲೆಯ ಚೀಟಿಯ ಮೇಲೆ ಇರುವುದು ನೀನು ಕೊಡುವ ದುಡ್ಡಲ್ಲ. ಸೇಲ್ಸ್ ಟ್ಯಾಕ್ಸ್ ಸೇರುವುದು ಕೌಂಟರಿನಲ್ಲಿ, ಅದೂ ರಾಜ್ಯಕ್ಕೊಂದು, ಊರಿಗೊಂದು ದರ. ಆರೆಗನ್, ಮೊಂಟಾನ, ಡೆಲವೇರ್, ನ್ಯೂ ಹ್ಯಾಂಪ್‌ಶೈರ್, ಅಲಾಸ್ಕಗಳಲ್ಲಿ ರಾಜ್ಯದ ಸೇಲ್ಸ್ ಟ್ಯಾಕ್ಸೇ ಇಲ್ಲ. ಪೆನ್ಸಿಲ್ವೇನಿಯ, ಮಿನ್ನೆಸೋಟಗಳಲ್ಲಿ ದಿನಬಳಕೆಯ ಬಟ್ಟೆಗೆ ಇಲ್ಲ. ಲ್ಯಾಪ್‌ಟಾಪಿನಂಥ ದೊಡ್ಡ ಖರೀದಿ ಇದ್ದರೆ ಆರೆಗನ್ ಮುಟ್ಟುವವರೆಗೆ ತಡೆದುಕೋ. ಬಿಲ್ಲು ಎಸೆಯಬೇಡ.

ಮಾಲುಗಳ ವಿಷಯ ಇಷ್ಟೇ ಸಾಕು. ಎಲ್ಲ ಊರಿನಲ್ಲೂ ಅದೇ ಅಂಗಡಿ, ಅದೇ ಹಾಡು. ನಾನು ನಿನಗೆ ಹೇಳಬೇಕಾದದ್ದು ಒಂದೇ: ವಸ್ತು ಮಾಡಿದವರು, ಬೆಳೆದವರು, ಇಲ್ಲವೇ ಅದನ್ನು ಚೆನ್ನಾಗಿ ಬಲ್ಲವರು ಎದುರಿಗೆ ನಿಂತಿರುವ ಕಡೆ ನಿನ್ನ ದುಡ್ಡು ಖರ್ಚಾಗಲಿ. ಈ ದೇಶದ ಮನುಷ್ಯರು ನಿನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡುವುದು ಅಂಥ ಕಡೆ. ಹೈವೇ ಮೇಲೆ ಮೂರು ಸಾವಿರ ಮೈಲಿ ಓಡಿದರೂ ಕಾಣದ ಅಮೆರಿಕ ಅಲ್ಲಿ ಕಾಣುತ್ತದೆ.

ನ್ಯೂಯಾರ್ಕ್ ಬಿಡುವ ಮುಂಚೆ, ಕ್ಯಾಮೆರಾ ಬೇಕಿದ್ದರೆ, ಒಂಬತ್ತನೇ ಅವೆನ್ಯೂದಲ್ಲಿರುವ ಬಿ ಅಂಡ್ ಎಚ್ ಅಂಗಡಿಗೆ ಹೋಗು. 1973ರಲ್ಲಿ ಶುರುವಾದದ್ದು. ಅಲ್ಲಿ ಕೆಲಸಕ್ಕಿರುವವರಿಗೆ ಲೆನ್ಸಿನ ಬಗ್ಗೆ ಏನು ಕೇಳಿದರೂ ಗೊತ್ತು, ನಿನಗೆ ಬೇಡವಾದದ್ದನ್ನು ಬೇಡ ಎಂದೇ ಹೇಳುತ್ತಾರೆ. ಕೊಂಡ ಸರಕು ತಲೆಯ ಮೇಲಿನ ಹಳಿಗಳಲ್ಲಿ ತಟ್ಟೆಯೊಳಗೆ ಕೂತು ಕೌಂಟರಿಗೆ ಇಳಿದು ಬರುತ್ತದೆ. ಶುಕ್ರವಾರ ಮಧ್ಯಾಹ್ನದ ಮೇಲೆ ಹೋಗಬೇಡ. ಯಹೂದಿಗಳ ಸಬ್ಬತ್ತಿಗೆ ಬಾಗಿಲು ಹಾಕಿದರೆ ಶನಿವಾರವೂ ಮುಚ್ಚಿರುತ್ತದೆ. ಆ ಹೊತ್ತು ಅವರ ವೆಬ್‌ಸೈಟ್ ಕೂಡ ಆರ್ಡರ್ ತೆಗೆದುಕೊಳ್ಳುವುದಿಲ್ಲ. ವ್ಯಾಪಾರಕ್ಕಿಂತ ದೊಡ್ಡದು ಒಂದಿದೆ ಎಂದು ನಂಬಿ ಹಾಗೇ ನಡೆದುಕೊಳ್ಳುವವರನ್ನು ಕಂಡರೆ ನನಗೆ ಗೌರವ.

ಫಿಲಡೆಲ್ಫಿಯದಲ್ಲಿ ರೆಡಿಂಗ್ ಟರ್ಮಿನಲ್ ಮಾರ್ಕೆಟ್ಟು. ರೈಲು ಕಂಪನಿ ನಿಲ್ದಾಣ ಕಟ್ಟಲು ಆರಿಸಿಕೊಂಡ ಜಾಗದಲ್ಲಿ ಮೊದಲೇ ಸಂತೆ ನಡೆಯುತ್ತಿತ್ತು. ರೈತರು, ಮಾಂಸದವರು ಜಾಗ ಬಿಡಲು ಒಪ್ಪಲಿಲ್ಲ. ಕೊನೆಗೆ ಕಂಪನಿಯೇ ಮಣಿದು ರೈಲನ್ನು ಮೇಲೆ ಹತ್ತಿಸಿ, ಸಂತೆಯನ್ನು ಅದರ ಕೆಳಗೆ ಉಳಿಸಿತು. ಅದು 1893ರ ಸುಮಾರು. 1984ರಲ್ಲಿ ಅಲ್ಲಿಗೆ ರೈಲು ಬರುವುದು ನಿಂತಿತು, ಸಂತೆ ನಡೆಯುತ್ತಲೇ ಇದೆ. ಲ್ಯಾಂಕಾಸ್ಟರ್ ಕಡೆಯ ಆಮಿಷ್ ಎಂಬ ಕ್ರೈಸ್ತ ಪಂಗಡದ ಮನೆತನದವರು ಬಂದು ಮಳಿಗೆ ಹಾಕುತ್ತಾರೆ. ಸೇಬನ್ನು ಗಂಟೆಗಟ್ಟಲೆ ಬೇಯಿಸಿ ಕಂದು ಬಣ್ಣಕ್ಕೆ ತಿರುಗಿಸಿದ ಆಪಲ್ ಬಟರ್ ಒಂದು ಬಾಟಲಿ ತಗೋ. ಹೆಸರಷ್ಟೇ ಬೆಣ್ಣೆ, ಅಜ್ಜಿಗೂ ನಡೆಯುತ್ತದೆ. ಭಾನುವಾರ ಅವರು ಬರುವುದಿಲ್ಲ, ಗುರುವಾರದಿಂದ ಶನಿವಾರದೊಳಗೆ ಹೋಗು. ಅವರ ಮುಖದ ಫೋಟೊ ಮಾತ್ರ ತೆಗೆಯಬೇಡ, ಅದು ಅವರ ನಂಬಿಕೆಗೆ ವಿರುದ್ಧ.

ಅಲ್ಲಿಂದ ದಕ್ಷಿಣಕ್ಕೆ, ಸೌತ್ ಕೆರೊಲಿನದ ಚಾರ್ಲ್‌ಸ್ಟನ್‌ಗೆ ಇಳಿ. ದಾರಿ ಸುತ್ತಾಗುತ್ತದೆ ಎಂದು ಗೆಳತಿಯರು ಗೊಣಗಿದರೂ ನೀನು ಹಟ ಹಿಡಿ. ಊರಿನ ನಡುವೆ ಸಿಟಿ ಮಾರ್ಕೆಟ್ ಎಂಬ ಉದ್ದನೆಯ ಹಳೇ ಮಾಡುಗಳಿವೆ. ಅವುಗಳ ಬದಿಯಲ್ಲಿ ಕಪ್ಪು ಹೆಂಗಸರು ಕೂತು ಬುಟ್ಟಿ ಹೆಣೆಯುತ್ತಿರುತ್ತಾರೆ. ಗಲ್ಲಾ ಎಂದು ಕರೆಸಿಕೊಳ್ಳುವ ಜನ. ಸ್ವೀಟ್‌ಗ್ರಾಸ್ ಎಂಬ ಕಡಲತೀರದ ಹುಲ್ಲು, ಪೈನ್ ಮರದ ಕಂದು ಸೂಜಿ ಎಲೆ, ಜೊಂಡು, ಇವನ್ನು ಹಿಡಿ ಹಿಡಿಯಾಗಿ ಸುರುಳಿ ಸುತ್ತಿ, ತಾಳೆಜಾತಿಯ ಗರಿಯ ಸೀಳಿನಿಂದ ಹೊಲಿಯುತ್ತಾರೆ. ಕೈಯಲ್ಲಿ ಸೂಜಿ ಇರುವುದಿಲ್ಲ. ಹಳೇ ಚಮಚದ ಹಿಡಿಯನ್ನು ಮುರಿದು, ತುದಿ ತಿಕ್ಕಿ ನಯ ಮಾಡಿಕೊಂಡಿರುತ್ತಾರೆ. ಅದರಿಂದ ಸುರುಳಿಯಲ್ಲಿ ತೂತು ಬಿಡಿಸಿ ಗರಿಯನ್ನು ತೂರಿಸಿ ಎಳೆಯುತ್ತಾರೆ. ಒಂದು ಸುತ್ತು ಮುಗಿಯುವವರೆಗೆ ನಿಂತು ನೋಡು. ಹೊಸ ಬುಟ್ಟಿಯನ್ನು ಮೂಗಿನ ಹತ್ತಿರ ಹಿಡಿದರೆ ಒಣಹುಲ್ಲಿನ ಘಮ ಬರುತ್ತದೆ.

ಆ ಕಸುಬು ಅಲ್ಲಿಗೆ ಹೇಗೆ ಬಂತು ಎಂದು ನಿನಗೆ ಗೊತ್ತಿರಬೇಕು. ಆ ತೀರದ ಜಮೀನ್ದಾರರು ಭತ್ತ ಬೆಳೆದು ಶ್ರೀಮಂತರಾದವರು, ಆದರೆ ಅವರಿಗೆ ಭತ್ತದ ಬೇಸಾಯ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಪಶ್ಚಿಮ ಆಫ್ರಿಕದ ರೈತರಿಗೆ. ಅವರನ್ನು ಹಿಡಿದು, ಹಡಗಿನಲ್ಲಿ ತುಂಬಿ ತಂದು ಮಾರಿದರು. ಗದ್ದೆ ಕಟ್ಟಿದವರು, ನೀರು ತಿರುಗಿಸಿದವರು, ಕುಟ್ಟಿದವರು ಎಲ್ಲ ಅವರೇ. ಭತ್ತ ಕೇರಲು ಅವರು ಹೆಣೆದುಕೊಂಡ ಅಗಲವಾದ ಬುಟ್ಟಿಯೇ ಈ ಕಸುಬಿನ ಮೂಲ. ಅಂದರೆ ನಮ್ಮ ಮೊರ! ನಿನ್ನ ಅಜ್ಜಿ ಅಂಗಳದಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದದ್ದು ನಿನಗೆ ನೆನಪಿರಬಹುದು. ಅದನ್ನು ಆ ಹೆಂಗಸರಿಗೆ ಹೇಳು. ಫೋನಿನಲ್ಲಿ ಮೊರದ ಚಿತ್ರ ಇದ್ದರೆ ತೋರಿಸು. ಅವರು ಎದ್ದು ನಿಂತು ಮಾತಾಡುತ್ತಾರೆ.

ಬೆಲೆ ಕೇಳಿ ಗಾಬರಿಯಾಗಬೇಡ. ಅಂಗೈಯಗಲದ ಬುಟ್ಟಿಗೇ ಹತ್ತಾರು ಡಾಲರು, ದೊಡ್ಡದಕ್ಕೆ ನೂರಾರು. ಕಡಲತೀರದ ತುಂಬ ಬಂಗಲೆ, ರೆಸಾರ್ಟು ಎದ್ದು, ಹುಲ್ಲು ಕೊಯ್ಯುವ ಜಾಗ ಕಡಿಮೆಯಾಗಿದೆ. ಒಂದು ದೊಡ್ಡ ಬುಟ್ಟಿಗೆ ವಾರಗಳೇ ಹಿಡಿಯುತ್ತವೆ. ಅಲ್ಲಿ ಚೌಕಾಸಿ ಮಾಡಬೇಡ ಮಗಳೇ. ಕೊಳ್ಳಲಾಗದಿದ್ದರೆ ಚಿಕ್ಕದನ್ನು ಕೊಳ್ಳು, ಅದೂ ಆಗದಿದ್ದರೆ ನಮಸ್ಕಾರ ಹೇಳಿ ಬಾ. ಚೌಕಾಸಿಗೆ ಬೇರೆ ಜಾಗಗಳಿವೆ: ಕ್ಯಾಲಿಫೋರ್ನಿಯದ ಪಾಸಡೀನದಲ್ಲಿ ತಿಂಗಳ ಎರಡನೇ ಭಾನುವಾರ ಸೇರುವ ರೋಸ್ ಬೌಲ್ ಸಂತೆಯಂಥ ಹಳೇ ಸಾಮಾನಿನ ಸಂತೆಗಳು. ಅಲ್ಲಿ ನಿನ್ನಮ್ಮನಿಂದ ಕಲಿತ ವಿದ್ಯೆಯನ್ನೆಲ್ಲ ತೋರಿಸು.

ಕೆಂಟಕಿಯ ಮೇಲೆ ಹಾದು ಹೋಗುವುದಾದರೆ ಬೆರಿಯ ಎಂಬ ಸಣ್ಣ ಊರಿದೆ. ಅಲ್ಲಿನ ಕಾಲೇಜು 1892ರಿಂದ ಮಕ್ಕಳ ಹತ್ತಿರ ಬೋಧನಾ ಶುಲ್ಕ ತೆಗೆದುಕೊಂಡಿಲ್ಲ. ಎಲ್ಲ ವಿದ್ಯಾರ್ಥಿಗಳೂ ವಾರಕ್ಕೆ ಕೆಲವು ಗಂಟೆ ದುಡಿಯಲೇಬೇಕು. ಕೆಲವರು ಮಗ್ಗದಲ್ಲಿ ನೇಯುತ್ತಾರೆ, ಕೆಲವರು ಪೊರಕೆ ಕಟ್ಟುತ್ತಾರೆ. ಆ ಪೊರಕೆ ಕಂಡರೆ ಗುಡಿಸಲು ಮನಸ್ಸು ಬರುವುದಿಲ್ಲ, ಅಷ್ಟು ಚೆಂದ. ಇನ್ನು ಉತ್ತರದ ದಾರಿ ಹಿಡಿದರೆ ಸೌತ್ ಡಕೋಟದಲ್ಲಿ ವಾಲ್ ಡ್ರಗ್. 1931ರಲ್ಲಿ ಟೆಡ್ ಹಸ್ಟೆಡ್ ಎಂಬಾತ ಆ ಕುಗ್ರಾಮದಲ್ಲಿ ಔಷಧದಂಗಡಿ ಕೊಂಡು ಗಿರಾಕಿ ಇಲ್ಲದೆ ಕೂತಿದ್ದ. ಬಿಸಿಲಲ್ಲಿ ಹೋಗುವವರಿಗೆ ಐಸ್ ನೀರು ಪುಕ್ಕಟೆ ಎಂದು ರಸ್ತೆಗೆ ಬೋರ್ಡು ಹಾಕೋಣ ಅಂದವಳು ಅವನ ಹೆಂಡತಿ ಡೊರೊಥಿ. ಅಂಗಡಿ ಬೀದಿಯಗಲಕ್ಕೆ ಬೆಳೆಯಿತು. ಈಗ ಅಲ್ಲಿರುವುದು ಹೆಚ್ಚಾಗಿ ಆಟಿಕೆ, ಟೋಪಿ. ನೀರು ಕುಡಿದು ಮುಂದೆ ಸಾಗು, ದುಡ್ಡು ಉಳಿಸಿಕೋ.

ಉಳಿಸಿಕೋ ಎಂದದ್ದು ನ್ಯೂ ಮೆಕ್ಸಿಕೋಗಾಗಿ. ಸಾಂಟಾ ಫೆ ಊರಿನ ಚೌಕದಲ್ಲಿ ಪ್ಯಾಲೇಸ್ ಆಫ್ ದಿ ಗವರ್ನರ್ಸ್ ಎಂಬ ಮಣ್ಣಿನ ಗೋಡೆಯ ಹಳೇ ಕಟ್ಟಡವಿದೆ, 1610ರ ಕಾಲದ್ದು. ಅದರ ಮುಂದಿನ ಜಗಲಿಯ ಮೇಲೆ ಮೂಲನಿವಾಸಿಗಳು ಬಟ್ಟೆ ಹಾಸಿ ಕೂತಿರುತ್ತಾರೆ. ಪ್ವೆಬ್ಲೊ, ನವಾಹೊ ಮುಂತಾದ ಬುಡಕಟ್ಟಿನವರು. ಬೆಳಗ್ಗೆ ಚೀಟಿ ಎತ್ತಿ ಜಾಗ ಹಂಚಿಕೊಳ್ಳುತ್ತಾರೆ. ತಾವೋ ತಮ್ಮ ಮನೆಯವರೋ ಮಾಡಿದ್ದನ್ನು ಮಾತ್ರ ಮಾರಬೇಕು ಎಂಬುದು ಅಲ್ಲಿಯ ಕಟ್ಟುನಿಟ್ಟು. ಬೆಳ್ಳಿಯ ಬಳೆಯನ್ನು ಮಗುಚಿ ನೋಡು, ಒಳಮೈಯಲ್ಲಿ ಮಾಡಿದವರ ಗುರುತು ಒತ್ತಿರುತ್ತದೆ. ಆ ಗುರುತು ಯಾರದು, ನೀಲಿಕಲ್ಲು ಯಾವ ಗಣಿಯದು ಎಂದು ಕೇಳಿದರೆ ಸಂಕೋಚವಿಲ್ಲದೆ ಹೇಳುತ್ತಾರೆ.

ಅದೇ ಬೀದಿಗಳ ಅಂಗಡಿಗಳಲ್ಲಿ ಅರ್ಧ ಬೆಲೆಗೆ ಅಂಥದೇ ಬಳೆ ಸಿಕ್ಕಿತು ಎಂದು ಹಿಗ್ಗಬೇಡ. ಬೇರೆ ದೇಶದ ಕಾರ್ಖಾನೆಯಲ್ಲಿ ಎರಕ ಹೊಯ್ದದ್ದನ್ನು ಬುಡಕಟ್ಟಿನವರ ಕೈಕೆಲಸ ಎಂದು ಮಾರುವ ಮೋಸ ಎಷ್ಟು ಹೆಚ್ಚಿತೆಂದರೆ 1990ರಲ್ಲಿ ಅದರ ವಿರುದ್ಧ ಕಾನೂನೇ ಮಾಡಬೇಕಾಯಿತು. ಮೊದಲ ಸಲ ಸಿಕ್ಕಿಬಿದ್ದರೂ ಎರಡೂವರೆ ಲಕ್ಷ ಡಾಲರಿನವರೆಗೆ ದಂಡ, ಐದು ವರ್ಷದವರೆಗೆ ಜೈಲು. ಅದಕ್ಕೇ ಯಾವ ಬುಡಕಟ್ಟು, ಮಾಡಿದವರ ಹೆಸರೇನು ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೋ. ನಿಜವಾದ ವ್ಯಾಪಾರಿ ಬರೆದುಕೊಡುತ್ತಾನೆ.

ಅಲ್ಲಿಂದ ಪಶ್ಚಿಮಕ್ಕೆ, ಅರಿಜೋನದ ಗನಾಡೊದಲ್ಲಿ ಹಬೆಲ್ ಟ್ರೇಡಿಂಗ್ ಪೋಸ್ಟ್. 1878ರಲ್ಲಿ ಜಾನ್ ಲೊರೆಂಜೊ ಹಬೆಲ್ ವ್ಯಾಪಾರಕ್ಕಿಳಿದ ಅಂಗಡಿ. ಈಗ ಜಾಗ ನ್ಯಾಷನಲ್ ಪಾರ್ಕ್ ಇಲಾಖೆಯದು, ವ್ಯಾಪಾರ ಇನ್ನೂ ಉಂಟು. ಮರದ ಹಲಗೆಯ ನೆಲ ಕಿರುಗುಟ್ಟುತ್ತದೆ. ಮುಂದೆ ದಿನಸಿ, ಪಕ್ಕದ ಕೋಣೆಯಲ್ಲಿ ನವಾಹೊ ಹೆಂಗಸರು ನೇಯ್ದ ಉಣ್ಣೆಯ ಜಮಖಾನಗಳ ರಾಶಿ. ಕಡುಗೆಂಪು, ಬೂದು, ಕಪ್ಪು, ಬಿಳಿ ಸೇರಿದ ನೇಯ್ಗೆಗೆ ಆ ಊರಿನದೇ ಹೆಸರು. ಒಂದನ್ನು ಎತ್ತಿ ಅಂಚು ನೋಡು: ಅವರ ನಿಲುವು ಮಗ್ಗದಲ್ಲಿ ಹಾಸಿನ ನೂಲು ಕತ್ತರಿಸದೆ ಒಂದೇ ಸಮನೆ ಸುತ್ತಿಕೊಂಡು ಹೋಗುವುದರಿಂದ ಸಾಮಾನ್ಯವಾಗಿ ತುದಿಯಲ್ಲಿ ಕುಚ್ಚು ಇರುವುದಿಲ್ಲ. ಕುಚ್ಚು ಕಂಡರೆ ವಿಚಾರಿಸದೆ ಕೊಳ್ಳಬೇಡ. ಕೊಂಡದ್ದನ್ನು ಮಡಿಸದೆ ಸುರುಳಿ ಸುತ್ತಿ ತಾ. ಇನ್ನೊಂದು ಮಾತು, ಬೇಸಿಗೆಯಲ್ಲಿ ಅರಿಜೋನ ಗಡಿಯಾರ ಮುಂದಕ್ಕೆ ತಿರುಗಿಸುವುದಿಲ್ಲ, ನವಾಹೊ ನೇಷನ್ ತಿರುಗಿಸುತ್ತದೆ. ಗಂಟೆ ನೋಡಿಕೊಂಡು ಹೊರಡದಿದ್ದರೆ ಮುಚ್ಚಿದ ಬಾಗಿಲ ಮುಂದೆ ನಿಲ್ಲಬೇಕಾದೀತು.

ಆರೆಗನ್ನಿನ ಪೋರ್ಟ್‌ಲ್ಯಾಂಡ್‌ನಲ್ಲಿ ಒಂದು ಇಡೀ ದಿನ ಪವೆಲ್ಸ್‌ಗೆ ಎತ್ತಿಡು. ನಗರದ ಒಂದು ಇಡೀ ಬ್ಲಾಕ್ ಆವರಿಸಿರುವ ಪುಸ್ತಕದಂಗಡಿ, 1971ರಿಂದ ಇದೆ. ಹೊಸ ಪುಸ್ತಕ, ಹಳೇ ಪುಸ್ತಕ ಒಂದೇ ಕಪಾಟಿನಲ್ಲಿ ಪಕ್ಕ ಪಕ್ಕ. ಅದೇ ಕಾದಂಬರಿ ಹೊಸದು ಹದಿನೆಂಟು ಡಾಲರಾದರೆ ಯಾರೋ ಓದಿ ಕೊಟ್ಟದ್ದು ಏಳಕ್ಕೆ ಸಿಕ್ಕೀತು. ಕೋಣೆಗಳಿಗೆ ಬಣ್ಣದ ಹೆಸರು, ನಕ್ಷೆ ಕೊಡುತ್ತಾರೆ. ಗೆಳತಿಯರು ಬೇರೆ ಬೇರೆಯಾಗಿ ಸುತ್ತಿ ಊಟಕ್ಕೆ ಸೇರಿ. ಪುಸ್ತಕದ ಭಾರಕ್ಕೆ ಹೆದರಬೇಡ. ಅಂಚೆಯವರ ಮೀಡಿಯ ಮೇಲ್‌ನಲ್ಲಿ ಕಡಿಮೆ ಖರ್ಚಿಗೆ ಇಲ್ಲಿನ ನಮ್ಮ ಮನೆಗೆ ಕಳಿಸಿಬಿಡು, ದೇಶದೊಳಗೆ ಎಲ್ಲಿಗಾದರೂ ಹೋಗುತ್ತದೆ.

ಕೊನೆಗೆ ಸಿಯಾಟಲ್, ಪೈಕ್ ಪ್ಲೇಸ್ ಮಾರ್ಕೆಟ್ಟು. ನಡುವಿನ ದಲ್ಲಾಳಿಗಳು ರೈತನಿಗೂ ಕೊಡದೆ, ಊರಿನವರಿಗೂ ಈರುಳ್ಳಿಯ ಬೆಲೆ ಏರಿಸಿ ಕೂತಿದ್ದ ಕಾಲದಲ್ಲಿ, ರೈತರೇ ಗಾಡಿ ತಂದು ನೇರವಾಗಿ ಮಾರಲಿ ಎಂದು 1907ರ ಆಗಸ್ಟ್ 17ರಂದು ಶುರುವಾಯಿತು. ಮೊದಲ ದಿನ ಬಂದವರು ಬೆರಳೆಣಿಕೆಯ ರೈತರು. ಕೊಳ್ಳಲು ಮುಗಿಬಿದ್ದವರು ಸಾವಿರಾರು. ಮುಂದೆ ಅದನ್ನು ಕೆಡವಿ ದೊಡ್ಡ ಕಟ್ಟಡ ಎಬ್ಬಿಸುವ ಯೋಜನೆ ಬಂದಾಗ 1971ರಲ್ಲಿ ಊರಿನ ಜನ ಮತ ಹಾಕಿ ಉಳಿಸಿಕೊಂಡರು. ಮೀನು ಎಸೆಯುವವರ ಮುಂದೆ, ಸ್ಟಾರ್‌ಬಕ್ಸ್‌ನ ಹಳೇ ಅಂಗಡಿಯ ಮುಂದೆ ದೊಡ್ಡ ಸಾಲಿರುತ್ತದೆ. ನೀನು ಅದರಲ್ಲಿ ಹೊತ್ತು ಕಳೆಯಬೇಡ. ಮುಖ್ಯ ಬಾಗಿಲ ಹತ್ತಿರ ತಲೆಯೆತ್ತಿ ನೋಡು, ಅಕಿ ಸೊಗಾಬೆ ಎಂಬ ಕಲಾವಿದೆಯ ಐದು ಫಲಕಗಳ ಚಿತ್ರವಿದೆ. ಎರಡನೇ ಮಹಾಯುದ್ಧಕ್ಕೆ ಮುನ್ನ ಇಲ್ಲಿ ತರಕಾರಿ ಮಾರುತ್ತಿದ್ದ ರೈತರಲ್ಲಿ ಬಹುಪಾಲು ಜಪಾನಿ ಮೂಲದವರು. 1942ರಲ್ಲಿ, ಏನೊಂದೂ ತಪ್ಪು ಮಾಡದ ಅವರನ್ನು ಮನೆಮಂದಿ ಸಮೇತ ಎತ್ತಿಕೊಂಡು ಹೋಗಿ ಶಿಬಿರಗಳಲ್ಲಿ ಕೂಡಿಹಾಕಿದರು. ಬಹಳ ಮಂದಿ ಈ ಕಟ್ಟೆಗಳಿಗೆ ಮರಳಲೇ ಇಲ್ಲ. ಬೇರೆ ದೇಶದಿಂದ ಬಂದು ಇಲ್ಲಿ ದುಡಿಯಲು ಹೊರಟಿರುವ ನಿನ್ನಂಥವಳು ಅದನ್ನು ನಿಂತು ನೋಡಬೇಕು.

ಈಗ ಅಲ್ಲಿ ಹೂವು ಮಾರುವವರಲ್ಲಿ ಹೆಚ್ಚಿನವರು ಲಾವೋಸಿನಿಂದ ನಿರಾಶ್ರಿತರಾಗಿ ಬಂದ ಮೋಂಗ್ ಜನ. ತಾವೇ ಬೆಳೆದು, ಬೆಳಗ್ಗೆ ತಂದು, ಗಿರಾಕಿಯ ಎದುರಿಗೇ ಗುಚ್ಛ ಕಟ್ಟಿಕೊಡುತ್ತಾರೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋದರೆ ಊಟದ ತಟ್ಟೆಯಗಲದ ಡೇಲಿಯಗಳು. ವಿಮಾನದಲ್ಲಿ ತರುವಂಥದ್ದಲ್ಲ ಎಂದು ಬಿಟ್ಟು ಬರಬೇಡ. ಸಿಯಾಟಲ್‌ನಲ್ಲಿ ನೀವು ಉಳಿದುಕೊಳ್ಳುವುದು ನಿನ್ನ ಗೆಳತಿಯ ಅಕ್ಕನ ಮನೆಯಲ್ಲಿ ತಾನೆ? ಮುಟ್ಟಿದ ದಿನವೇ ಮೊದಲು ಮಾರ್ಕೆಟ್ಟಿಗೆ ಹೋಗಿ ಒಂದು ದೊಡ್ಡ ಕಟ್ಟು ಕೊಂಡು, ಆಮೇಲೆ ಅವರ ಮನೆಗೆ ಹೋಗು.

ನಿನ್ನ ದೊಡ್ಡಪ್ಪ