ಹೊಂಗೆಯೆಣ್ಣೆಯಿಂದ ಜೈವಿಕ ಡೀಸೆಲ್: ನಷ್ಟವನ್ನು ತಪ್ಪಿಸುವ ಕ್ರಮ

ಹೊಂಗೆಯೆಣ್ಣೆಯು ದೀಪಕ್ಕೂ ಹಿಂಡಿಯು ಗೊಬ್ಬರಕ್ಕೂ ಒದಗುವುದೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ಆ ಎಣ್ಣೆಯಿಂದ ಎಂಜಿನುಗಳನ್ನು ನಡೆಯಿಸುವ ಜೈವಿಕ ಡೀಸೆಲನ್ನೂ ಪಡೆಯಬಹುದು.

ಸಾಮಾನ್ಯ ಕ್ರಮವಿದು: 1 ಲೀಟರು ಎಣ್ಣೆಗೆ ಸುಮಾರು 200ರಿಂದ 250 ಮಿಲಿಲೀಟರು ಮೆಥನಾಲನ್ನು, ಅದರಲ್ಲಿ ಸ್ವಲ್ಪ ಕಾಸ್ಟಿಕ್ ಸೋಡವನ್ನು ಕರಗಿಸಿ, ಬೆರೆಸತಕ್ಕದ್ದು. ಮುಚ್ಚಿದ ಪಾತ್ರೆಯಲ್ಲಿ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 1 ಗಂಟೆ ಕಲಕಿದರೆ, ಗ್ಲಿಸರೀನು ತಳಕ್ಕಿಳಿದು ಡೀಸೆಲು ಮೇಲೆ ನಿಲ್ಲುವುದು.

ಆದರೆ ತೇವದಲ್ಲಿ ರಾಶಿಯಿಟ್ಟ ಬೀಜದ ಎಣ್ಣೆಯಲ್ಲಿ ಆಮ್ಲವು ಹೆಚ್ಚುವುದು. ಅದು ಸೋಡದೊಡನೆ ಕೂಡಿ ಸಾಬೂನಾಗುವುದರಿಂದ ಡೀಸೆಲು ಸರಿಯಾಗಿ ಬೇರ್ಪಡದೆ ಉತ್ಪನ್ನವು ಕುಗ್ಗುವುದು. ಆದಕಾರಣ ಮೊದಲು ಎಣ್ಣೆಯನ್ನು ಪರೀಕ್ಷಿಸತಕ್ಕದ್ದು. ಆಮ್ಲವು ನೂರಕ್ಕೆ 2 ಭಾಗವನ್ನು ಮೀರಿದ್ದರೆ, ಮೆಥನಾಲನ್ನೂ ಸ್ವಲ್ಪ ಗಂಧಕಾಮ್ಲವನ್ನೂ ಸೇರಿಸಿ ಕಾಯಿಸಿ, ನೀರನ್ನು ಬೇರ್ಪಡಿಸಿ, ಅನಂತರವೇ ಸೋಡದ ಹಂತಕ್ಕೆ ಹೋಗಬೇಕು. ಮೆಥನಾಲು ವಿಷವೂ ಬೇಗನೆ ಹೊತ್ತಿಕೊಳ್ಳುವಂಥದೂ ಆದುದರಿಂದ ಈ ಕೆಲಸವನ್ನು ಬಲ್ಲವರಿಗೇ ಬಿಡುವುದು ಲೇಸು.

ಈ ಎರಡನೆಯ ಖರ್ಚನ್ನು ತಪ್ಪಿಸುವುದು ಭೂಮಾಲಿಕರ ಕೈಯಲ್ಲಿಯೇ ಇದೆ. ಕಾಯಿಗಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಗಾಳಿಯಾಡುವ ಕೊಠಡಿಯಲ್ಲಿಟ್ಟು, ಮಳೆಗಾಲಕ್ಕೆ ಮೊದಲೇ ಗಾಣಕ್ಕೆ ಕಳುಹಿಸತಕ್ಕದ್ದು. ಗ್ರಾಮದ ಮುಖ್ಯಸ್ಥರು ಈ ವಿಷಯವನ್ನು ಬೀಜ ಆಯುವವರಿಗೆಲ್ಲ ತಿಳಿಯಪಡಿಸಿದರೆ ಊರಿಗೆ ಲಾಭವುಂಟು.