ಸ್ಪೋರ್ಟ್ಸ್ ಕಾರಿನ ಟೈರಿಗೆ ಎಷ್ಟು ಸುರಿಯಬೇಕು?

ಸೆಕೆಂಡ್ ಹ್ಯಾಂಡ್ ಪೋರ್ಷೆ ಕೇಮನ್ ಕೊಂಡವರು ಬಣ್ಣಕ್ಕೆ, ಸೈಲೆನ್ಸರಿಗೆ ಧಾರಾಳವಾಗಿ ಖರ್ಚು ಮಾಡಿ, ಟೈರಿನ ವಿಷಯಕ್ಕೆ ಬಂದಾಗ ಕೈ ಬಿಗಿಹಿಡಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಎಂಜಿನ್ ಎಷ್ಟೇ ಬಲವಾಗಿರಲಿ, ಬ್ರೇಕ್ ಎಷ್ಟೇ ದೊಡ್ಡದಿರಲಿ, ಒಂದೊಂದು ಚಕ್ರದಡಿ ನೆಲ ಮುಟ್ಟುವುದು ಅಂಗೈಯಗಲದ ರಬ್ಬರ್ ಮಾತ್ರ.

ಹಾಗೆಂದು ಎಲ್ಲಕ್ಕಿಂತ ದುಬಾರಿಯದೇ ಬೇಕೆಂದಿಲ್ಲ. ಟ್ರ್ಯಾಕಿಗೆಂದು ಮಾಡಿದ ಸೆಮಿ ಸ್ಲಿಕ್ ಟೈರು ಬಿಸಿಯೇರದೆ ಸರಿಯಾಗಿ ಹಿಡಿತ ಕೊಡುವುದಿಲ್ಲ, ಬೇಗ ಸವೆಯುತ್ತದೆ, ನಿಂತ ನೀರಿನಲ್ಲಿ ಜಾರುತ್ತದೆ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿಯುವವರಿಗೆ ಅದು ಬೇಡವೇ ಬೇಡ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್‌ನಂಥ ಒಳ್ಳೆಯ ರಸ್ತೆ ಟೈರಿಗೆ ಹಣ ಹಾಕಿ. ಪೋರ್ಷೆ ಪರೀಕ್ಷಿಸಿ ಒಪ್ಪಿದ ಟೈರುಗಳ ಪಕ್ಕೆಯ ಮೇಲೆ ‘ಎನ್0’, ‘ಎನ್1’ ಎಂಬ ಗುರುತಿರುತ್ತದೆ, ಅದನ್ನು ಕೇಳಿ ಪಡೆಯಿರಿ. ನಾಲ್ಕಕ್ಕೂ ಹಣ ಸಾಲದಿದ್ದರೆ ಹಿಂದಿನ ಎರಡನ್ನಾದರೂ ಜೊತೆಯಾಗಿ, ಮುಂದಿನವುಗಳ ಮಾದರಿಯಲ್ಲೇ ಹಾಕಿಸಿ. ಸಾಮಾನ್ಯವಾಗಿ ಮೊದಲು ಸವೆಯುವುದು ಹಿಂದಿನವೇ.

ಟೈರಿನ ಪಕ್ಕೆಯ ಮೇಲಿರುವ ತಯಾರಿಕೆಯ ನಾಲ್ಕಂಕಿ ಓದಿ: 2325 ಎಂದರೆ 2025ರ 23ನೇ ವಾರ. ರಿಯಾಯಿತಿ ಕೊಟ್ಟರೂ ವರ್ಷಗಟ್ಟಲೆ ಬಿದ್ದಿದ್ದ ಸ್ಟಾಕ್ ಬೇಡ. ಕಾನೂನು 1.6 ಮಿ.ಮೀ. ಟ್ರೆಡ್ ಆಳ ಒಪ್ಪಿದರೂ, ಮಳೆಯಲ್ಲಿ ಓಡಿಸುವವರು 3 ಮಿ.ಮೀ.ಗೇ ಬದಲಿಸಿ.

ದುಡ್ಡು ಬಿಗಿಯಿದ್ದರೆ ದೊಡ್ಡ ಅಲಾಯ್ ವೀಲಿನ ಆಸೆ ಬಿಡಿ. ರಿಮ್ ದೊಡ್ಡದಾದಷ್ಟೂ ಟೈರಿನ ಬೆಲೆ ಏರುತ್ತದೆ, ಗುಂಡಿಗೆ ಬಿದ್ದರೆ ರಿಮ್ಮೇ ಬಾಗಬಹುದು. ಉಳಿದ ಹಣದಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸಿ. ಅದು ತಪ್ಪಿದ್ದರೆ ಹೊಸ ಟೈರಿನ ಒಳಅಂಚು ಕೆಲವೇ ತಿಂಗಳಲ್ಲಿ ಬೋಳಾಗುತ್ತದೆ.