ಮುಖವೂ ಊರೂ

‘ಯಾವ ಊರು ನಿಮ್ಮದು?’ ಅಪರಿಚಿತರನ್ನು ಕಂಡಾಗ ನಮ್ಮ ಜನ ಮೊದಲು ಕೇಳುವುದು ಇದನ್ನೇ. ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯಲ್ಲಂತೂ ಈ ಪ್ರಶ್ನೆಗೆ ಹತ್ತಾರು ಊರುಗಳ ಹೆಸರು ಉತ್ತರವಾಗಿ ಬರುತ್ತವೆ. ಹಿಂದೆ ಸಿದ್ಧಿಕಟ್ಟೆ ಎಂಬ ಕೆರೆಯಿದ್ದ ನೆಲದಲ್ಲಿ 1928ರಲ್ಲಿ ತಲೆಯೆತ್ತಿದ ಮಾರುಕಟ್ಟೆ ಇದು. ನಸುಕಿನಲ್ಲೇ ಸೇವಂತಿಗೆಯ ರಾಶಿಯ ಹಿಂದೆ ಕುಳಿತ ಹೂವಾಡಗಿತ್ತಿಯ ಭಾವಚಿತ್ರ ತೆಗೆಯುವುದು ಸುಲಭ. ಆದರೆ ಊರು, ಮನೆಗಳನ್ನು ಕೇಳದೆ ತೆಗೆದ ಚಿತ್ರದಲ್ಲಿ ಉಳಿಯುವುದು ಮುಖ ಮಾತ್ರ.

1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಗ್ರಂಥದಲ್ಲಿ ಆದದ್ದೂ ಅದೇ. ಆಂಗ್ಲ ಅಧಿಕಾರಿಗಳು ಭಾರತೀಯರ ಮುಖಗಳನ್ನು ಜಾತಿ, ಬುಡಕಟ್ಟುಗಳ ಮಾದರಿಗಳೆಂದು ಜೋಡಿಸಿದರು. ಎಷ್ಟೋ ಮಂದಿಯ ಹೆಸರೂ ಉಳಿಯಲಿಲ್ಲ.

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಹಿಡಿದ ದಾರಿ ಬೇರೆ. ಅವರು ಜನಸಾಮಾನ್ಯರನ್ನು ಅವರ ಬೀದಿ, ಅಂಗಳ, ದುಡಿಮೆಗಳ ನಡುವೆಯೇ ಚಿತ್ರಿಸಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು.